ಆರೋಗ್ಯ ಇರುವುದು ಬೆಂಚಿನಲ್ಲಿ, ಗ್ಲಾಸಿನಲ್ಲಲ್ಲ

‘ಅತಿಯಾದರೆ ಅಮೃತವೂ ವಿಷ’ ಎಂಬ ಗಾದೆ ಎಲ್ಲರಿಗೂ ಗೊತ್ತು. ಅದನ್ನೇ ತಿರುವಿ ಹಾಕಿ ‘ಮಿತವಾದರೆ ವಿಷವೂ ಅಮೃತ’ ಎಂದು ವಾದಿಸುವವರು ನಮ್ಮ ಮನೆಗಳಲ್ಲಿ ಒಬ್ಬರಾದರೂ ಇರುತ್ತಾರೆ. ವಾದದ ವಸ್ತು ಸಾಮಾನ್ಯವಾಗಿ ಮದ್ಯ. ಇಂಗ್ಲೆಂಡಿನಲ್ಲಿ ಓದುತ್ತಿರುವ ಮಗನೋ, ಕೆಲಸದಲ್ಲಿರುವ ಅಳಿಯನೋ ರಜೆಗೆ ಬಂದಾಗ ಊಟದ ಹೊತ್ತಿಗೆ ಈ ಮಾತು ಏಳುತ್ತದೆ. ‘ಅಲ್ಲಿ ಎಂಬತ್ತು ವರ್ಷದ ಅಜ್ಜಂದಿರು ಮಧ್ಯಾಹ್ನ ಪಬ್ಬಿಗೆ ಬರುತ್ತಾರೆ ಮಾವ. ಒಂದು ಗ್ಲಾಸ್ ಬಿಯರ್ ಮುಂದಿಟ್ಟುಕೊಂಡು ಎರಡು ಗಂಟೆ ಹರಟೆ ಹೊಡೆದು ಮನೆಗೆ ಹೋಗುತ್ತಾರೆ. ಎಷ್ಟು ಗಟ್ಟಿಮುಟ್ಟಾಗಿದ್ದಾರೆ ಗೊತ್ತೇ?’ ಎನ್ನುತ್ತಾನೆ ಅಳಿಯ. ಮಾವನವರು ಉತ್ತರ ಹೇಳಲಾರದೆ ಮಜ್ಜಿಗೆಗೆ ಕೈಚಾಚುತ್ತಾರೆ.

ಅಳಿಯ ಕಂಡದ್ದು ಸುಳ್ಳಲ್ಲ. ಕಂಡದ್ದರಿಂದ ಅವನು ತೆಗೆದ ತೀರ್ಮಾನ ಸರಿಯೇ ಎಂಬುದಷ್ಟೇ ಪ್ರಶ್ನೆ. ಆ ಅಜ್ಜನ ಆರೋಗ್ಯಕ್ಕೆ ಕಾರಣ ಗ್ಲಾಸಿನಲ್ಲಿರುವ ಬಿಯರೋ, ಅಥವಾ ಅದರ ಸುತ್ತ ಇರುವ ಬೇರೆ ಏನಾದರೂ ಇದೆಯೋ? ಇದನ್ನು ಪರೀಕ್ಷಿಸಲು ಒಂದೇ ಒಂದು ಊರನ್ನು ತೆಗೆದುಕೊಳ್ಳೋಣ. ಅಲ್ಲಿನ ಪಬ್‌ಗಳಲ್ಲಿ ಒಂದು ಮಧ್ಯಾಹ್ನ ಕಳೆಯುವವರ ದೇಹಕ್ಕೆ ಏನು ಸೇರುತ್ತದೆ, ಮನಸ್ಸಿಗೆ ಏನು ಸಿಗುತ್ತದೆ ಎಂದು ಬೇರೆ ಬೇರೆಯಾಗಿ ಲೆಕ್ಕ ಹಾಕೋಣ.

ಸತ್ತು ಬದುಕಿದ ಸಂತೆಯೂರು

ಮ್ಯಾಂಚೆಸ್ಟರ್ ನಗರದ ನೈಋತ್ಯಕ್ಕೆ ಸುಮಾರು 13 ಕಿಲೋಮೀಟರ್ ದೂರದಲ್ಲಿ ಆಲ್ಟ್ರಿಂಗಮ್ ಎಂಬ ಊರಿದೆ. 1290ರಲ್ಲಿ ದೊರೆ ಒಂದನೆಯ ಎಡ್ವರ್ಡ್‌ನ ಕಾಲದಲ್ಲಿ ಇದಕ್ಕೆ ಸಂತೆ ನಡೆಸುವ ಹಕ್ಕು ದೊರಕಿತು. ಏಳು ನೂರು ವರ್ಷಕ್ಕೂ ಮಿಕ್ಕಿ ಇದು ಸಂತೆಯೂರು. ಪತ್ರಿಕೆ ಓದುವವರಿಗೆ ಈ ಊರಿನೊಂದಿಗೆ ಇನ್ನೊಂದು ನಂಟೂ ಇದೆ. ಒಂದು ಕಾಲದಲ್ಲಿ ಲೋಕದ ಪತ್ರಿಕೆಗಳಿಗೆ ಅಚ್ಚಿನ ಮೊಳೆಗಳ ಸಾಲು ಎರಕ ಹೊಯ್ದು ಕೊಡುತ್ತಿದ್ದ ಲೈನೋಟೈಪ್ ಯಂತ್ರಗಳ ದೊಡ್ಡ ಕಾರ್ಖಾನೆ ಈ ಊರಿನ ಬ್ರಾಡ್‌ಹೀತ್ ಬಡಾವಣೆಯಲ್ಲಿತ್ತು.

ಕಾರ್ಖಾನೆಗಳ ಕಾಲ ಮುಗಿಯಿತು. 1998ರಲ್ಲಿ ಕೆಲವೇ ಮೈಲಿ ದೂರದಲ್ಲಿ ಟ್ರಾಫರ್ಡ್ ಸೆಂಟರ್ ಎಂಬ ಬೃಹತ್ ಮಾಲ್ ತೆರೆಯಿತು. ಜನ ಕಾರು ಹತ್ತಿ ಅಲ್ಲಿಗೆ ಹೊರಟರು. 2010ರ ಹೊತ್ತಿಗೆ ಆಲ್ಟ್ರಿಂಗಮ್ ಪೇಟೆಯ ಅಂಗಡಿಗಳಲ್ಲಿ ಹೆಚ್ಚುಕಡಿಮೆ ಮೂರರಲ್ಲೊಂದು ಖಾಲಿ. ಬಾಗಿಲಿಗೆ ಹಲಗೆ ಬಡಿದ ಸಾಲು ಸಾಲು ಮಳಿಗೆಗಳನ್ನು ಕಂಡು ಅಲ್ಲಿನ ಪತ್ರಿಕೆಗಳು ಇದನ್ನು ‘ದೆವ್ವದ ಊರು’ ಎಂದು ಕರೆದವು.

ಆ ಮೇಲೆ ನಡೆದದ್ದು ಕುತೂಹಲದ ಸಂಗತಿ. 2014ರಲ್ಲಿ ಊರಿನ ಹಳೆಯ ಮಾರುಕಟ್ಟೆ ಕಟ್ಟಡವನ್ನು ದುರಸ್ತಿ ಮಾಡಿ, ಒಳಗೆ ಸುತ್ತಲೂ ತಿಂಡಿಯ ಅಂಗಡಿಗಳು, ನಡುವೆ ಉದ್ದುದ್ದ ಮರದ ಮೇಜುಗಳು, ಅವುಗಳಿಗೆ ಬೆಂಚುಗಳು, ಹೀಗೆ ವ್ಯವಸ್ಥೆ ಮಾಡಿದರು. ಮೇಜು ಯಾರೊಬ್ಬರ ಅಂಗಡಿಗೂ ಸೇರಿದ್ದಲ್ಲ. ಯಾರ ಪಕ್ಕದಲ್ಲಿ ಯಾರು ಬೇಕಾದರೂ ಕುಳಿತುಕೊಳ್ಳಬಹುದು. ಜನ ಬರತೊಡಗಿದರು. ಅವರ ಹಿಂದೆಯೇ ಸುತ್ತಲಿನ ಬೀದಿಗಳಲ್ಲಿ ಖಾಲಿ ಬಿದ್ದಿದ್ದ ಮಳಿಗೆಗಳು ಒಂದೊಂದಾಗಿ ಬಾಗಿಲು ತೆರೆದವು. ಅವುಗಳಲ್ಲಿ ಹಲವು ಪುಟ್ಟ ಬಾರ್‌ಗಳು. 2018ರಲ್ಲಿ ಇದೇ ಊರಿನ ಪೇಟೆಬೀದಿಗೆ ಇಂಗ್ಲೆಂಡಿನ ಅತ್ಯುತ್ತಮ ಪೇಟೆಬೀದಿ ಎಂಬ ಪ್ರಶಸ್ತಿ ಬಂತು.

ಪುಟ್ಟ ಪಬ್ಬಿನ ಪದ್ಧತಿ

ಇಂಥ ಪುಟ್ಟ ಪಬ್‌ಗಳಿಗೆ ಅಲ್ಲಿ ‘ಮೈಕ್ರೋಪಬ್’ ಎಂಬ ಹೆಸರು. ಮೊದಲನೆಯದು ಹುಟ್ಟಿದ್ದು ಆಲ್ಟ್ರಿಂಗಮ್‌ನಲ್ಲಲ್ಲ, ದೂರದ ಕೆಂಟ್ ಪ್ರಾಂತದ ಹರ್ನ್ ಎಂಬ ಹಳ್ಳಿಯಲ್ಲಿ. ಹೊಸ ಪರವಾನಗಿ ಕಾನೂನು ಜಾರಿಗೆ ಬಂದ 2005ರಲ್ಲಿ ಮಾರ್ಟಿನ್ ಹಿಲಿಯರ್ ಎಂಬವರು ಅಲ್ಲಿನ ಹಳೆಯ ಕಸಾಯಿ ಅಂಗಡಿಯೊಂದರಲ್ಲಿ ಇದನ್ನು ಆರಂಭಿಸಿದರು. ನಮ್ಮ ಸಣ್ಣ ದಿನಸಿ ಅಂಗಡಿಯಷ್ಟು ಜಾಗ, ಕೆಲವೇ ಆಸನಗಳು. ಸಂಗೀತವಿಲ್ಲ, ಟಿ.ವಿ. ಇಲ್ಲ, ಜೂಜಿನ ಯಂತ್ರವಿಲ್ಲ. ಇರುವುದು ನಾಲ್ಕಾರು ಬಗೆಯ ಬಿಯರ್ ಮತ್ತು ಮಾತು. ಬಂದವರು ಮಾತಾಡದೆ ವಿಧಿಯಿಲ್ಲ, ಏಕೆಂದರೆ ಪಕ್ಕದವರ ಮೊಣಕೈ ತಾಗುವಷ್ಟು ಇಕ್ಕಟ್ಟು. ಆ ಮಾದರಿ ಹಬ್ಬಿ ಈಗ ಬ್ರಿಟನ್ನಿನಲ್ಲಿ ಇಂಥ ಪಬ್‌ಗಳು ನೂರಾರು ಇವೆ.

ಮಧ್ಯಾಹ್ನ ಎರಡು ಗಂಟೆಗೆ ಮ್ಯಾಂಚೆಸ್ಟರಿನಿಂದ ಟ್ರಾಮ್ ಹಿಡಿದರೆ ಸುಮಾರು ಅರ್ಧ ಗಂಟೆಯಲ್ಲಿ ಆಲ್ಟ್ರಿಂಗಮ್. ನಿಲ್ದಾಣದಿಂದ ಮಾರುಕಟ್ಟೆಗೆ ಕೆಲವು ನಿಮಿಷದ ನಡಿಗೆ. ಒಂದು ಪಬ್ಬಿನಿಂದ ಇನ್ನೊಂದಕ್ಕೆ ನಡೆದೇ ಹೋಗಬಹುದು. ಹೊಸ ಬಾರ್, ಹಳೆಯ ಪಬ್, ಮಾರುಕಟ್ಟೆಯೊಳಗಿನ ಬಿಯರ್ ಕಟ್ಟೆ ಎಂದು ನಾಲ್ಕೈದು ಕಡೆ ಸುತ್ತಿ ಸಂಜೆ ಏಳಕ್ಕೆ ಟ್ರಾಮ್ ಹತ್ತುವುದು ಅಲ್ಲಿ ಅನೇಕರಿಗೆ ರಜಾದಿನದ ಕಾರ್ಯಕ್ರಮ. ನೋಡಲು ಚೆಂದವೇ. ನಿವೃತ್ತರು ಪದಬಂಧ ತುಂಬಿಸುತ್ತಿರುತ್ತಾರೆ. ಮೇಜಿನ ಕೆಳಗೆ ನಾಯಿ ಮಲಗಿರುತ್ತದೆ. ಕೂಗಾಟ, ಜಗಳ ಕಾಣುವುದು ಅಪರೂಪ.

ಇನ್ನೊಂದು ಮೆಚ್ಚಬೇಕಾದ ಅಂಶವಿದೆ. ಅಲ್ಲಿ ಎಲ್ಲಕ್ಕೂ ಅಳತೆ ಉಂಟು. ನಲ್ಲಿಯಿಂದ ಹಿಡಿದುಕೊಡುವ ಬಿಯರನ್ನು ಕಾನೂನು ಹೇಳಿದ ಅಳತೆಯಲ್ಲೇ ಮಾರಬೇಕು. ಒಂದು ಪಿಂಟ್ ಎಂದರೆ 568 ಮಿ.ಲೀ. ಅದರ ಅರ್ಧ 284 ಮಿ.ಲೀ. ಮೂರನೆಯ ಒಂದು ಪಾಲಿನ ಪುಟ್ಟ ಗ್ಲಾಸೂ ಉಂಟು, ಅದು 189 ಮಿ.ಲೀ. ವಿಸ್ಕಿ, ಜಿನ್‌ಗಳಿಗೆ 25 ಅಥವಾ 35 ಮಿ.ಲೀ. ಅಳತೆ. ಬಿಯರಿನ ಪಂಪಿನ ಮೇಲೆಯೇ ಅದರಲ್ಲಿ ಶೇಕಡಾ ಎಷ್ಟು ಆಲ್ಕೋಹಾಲ್ ಇದೆ ಎಂದು ಬರೆದಿರುತ್ತದೆ. ಲೆಕ್ಕ ಹಾಕಬೇಕೆನ್ನುವವನಿಗೆ ಎಲ್ಲ ಅನುಕೂಲವೂ ಇದೆ. ಹಾಗಾದರೆ ನಾವೂ ಲೆಕ್ಕ ಹಾಕೋಣ.

ಒಂದು ಮಧ್ಯಾಹ್ನದ ಲೆಕ್ಕ

ಬ್ರಿಟನ್ನಿನ ವೈದ್ಯರು ಮದ್ಯವನ್ನು ‘ಯೂನಿಟ್’ಗಳಲ್ಲಿ ಎಣಿಸುತ್ತಾರೆ. ಒಂದು ಯೂನಿಟ್ ಎಂದರೆ 10 ಮಿ.ಲೀ., ಅಂದರೆ 8 ಗ್ರಾಂ ಶುದ್ಧ ಆಲ್ಕೋಹಾಲ್. ಶೇಕಡಾ 4ರ ಬಿಯರಿನ ಒಂದು ಪಿಂಟ್‌ನಲ್ಲಿ ಸುಮಾರು 2.3 ಯೂನಿಟ್ ಇರುತ್ತದೆ. ನಾಲ್ಕು ಕಡೆ ಒಂದೊಂದು ಪಿಂಟ್ ಕುಡಿದರೆ 9 ಯೂನಿಟ್ ದಾಟಿತು. ಐದು ಕಡೆಯಾದರೆ 11ಕ್ಕೂ ಹೆಚ್ಚು. ಪುಟ್ಟ ಬಾರ್‌ಗಳಲ್ಲಿ ಹೆಸರುವಾಸಿಯಾದ ಕಡಕ್ ಬಿಯರ್‌ಗಳಲ್ಲಿ ಶೇಕಡಾ 6.5ರದ್ದನ್ನು ಆರಿಸಿದರೆ ಒಂದೇ ಪಿಂಟ್‌ಗೆ 3.7 ಯೂನಿಟ್.

2016ರಲ್ಲಿ ಬ್ರಿಟನ್ನಿನ ಮುಖ್ಯ ವೈದ್ಯಾಧಿಕಾರಿಗಳು ಕೊಟ್ಟ ಸಲಹೆಯ ಪ್ರಕಾರ ಗಂಡಸರಾಗಲಿ ಹೆಂಗಸರಾಗಲಿ ವಾರಕ್ಕೆ 14 ಯೂನಿಟ್ ಮೀರಬಾರದು. ಅದನ್ನೂ ಒಂದೇ ದಿನ ಕುಡಿಯದೆ ಮೂರು ಅಥವಾ ಹೆಚ್ಚು ದಿನಗಳಿಗೆ ಹಂಚಬೇಕು. ಅಂದರೆ ಯಾರಿಗೂ ತೊಂದರೆ ಕೊಡದೆ, ತೂರಾಡದೆ, ನಗುನಗುತ್ತಾ ಮುಗಿದ ಆ ಒಂದು ಮಧ್ಯಾಹ್ನದಲ್ಲಿ ವಾರದ ಪಾಲಿನ ಬಹುಭಾಗ ಖರ್ಚಾಗಿಹೋಯಿತು! ಇನ್ನೂ ಆರು ದಿನ ಬಾಕಿ ಇದೆ.

ಇದಕ್ಕೆ ಒಂದು ಮುಖ್ಯ ಕಾರಣ ‘ರೌಂಡ್’ ಎಂಬ ಪದ್ಧತಿ. ನಾಲ್ವರು ಗೆಳೆಯರು ಹೋದರೆ ಒಬ್ಬೊಬ್ಬರೂ ಒಂದೊಂದು ಸಲ ಎಲ್ಲರಿಗೂ ಕೊಡಿಸಬೇಕು. ಒಬ್ಬ ಕೊಡಿಸಿದ್ದನ್ನು ಕುಡಿದು ತನ್ನ ಸರದಿ ಬರುವ ಮೊದಲೇ ಎದ್ದುಹೋದರೆ ಜುಗ್ಗ ಎನಿಸಿಕೊಳ್ಳುತ್ತಾನೆ. ಹೀಗಾಗಿ ಎಷ್ಟು ಜನ ಇದ್ದಾರೋ ಅಷ್ಟು ಗ್ಲಾಸು ಖಾಯಂ. ಎಲ್ಲರೂ ಅತಿ ವೇಗವಾಗಿ ಕುಡಿಯುವವನ ಜೊತೆ ಹೆಜ್ಜೆ ಹಾಕಬೇಕು. ‘ಇನ್ನೊಂದು ಹಾಕಿಸಿಕೊಳ್ಳಿ ಸ್ವಾಮಿ’ ಎಂದು ಮದುವೆ ಪಂಕ್ತಿಯಲ್ಲಿ ಹೋಳಿಗೆ ಬಡಿಸುವ ನಮ್ಮ ಉಪಚಾರ ಇದ್ದ ಹಾಗೆ. ಉಪಚಾರ ಮಾಡುವವರದ್ದು ಪ್ರೀತಿಯೇ, ಆದರೆ ಅಜೀರ್ಣ ತಿಂದವರದ್ದು.

ದೇಹದೊಳಗೆ ಏನಾಗುತ್ತದೆ ನೋಡಿ. ಕುಡಿದ ಆಲ್ಕೋಹಾಲನ್ನು ಕರಗಿಸುವ ಕೆಲಸ ಬಹುಮಟ್ಟಿಗೆ ಯಕೃತ್ತಿನದು, ಅಂದರೆ ಲಿವರಿನದು. ಅದು ಗಂಟೆಗೆ ಸುಮಾರು ಒಂದು ಯೂನಿಟ್‌ನಷ್ಟನ್ನು ಮಾತ್ರ ವಿಲೇವಾರಿ ಮಾಡಬಲ್ಲದು. ಮಧ್ಯಾಹ್ನ ಎರಡೂವರೆಗೆ ಶುರುಮಾಡಿ 9 ಯೂನಿಟ್ ಕುಡಿದವನ ರಕ್ತ ಸ್ವಚ್ಛವಾಗುವುದು ರಾತ್ರಿ ಹನ್ನೊಂದೂವರೆಯ ಸುಮಾರಿಗೆ. ಕಾಫಿ, ಮಜ್ಜಿಗೆ, ನಿಂಬೆಹಣ್ಣು, ತಣ್ಣೀರು ಸ್ನಾನ ಯಾವುದೂ ಈ ಕೆಲಸವನ್ನು ಚುರುಕುಗೊಳಿಸುವುದಿಲ್ಲ. ಕಾಫಿ ಕುಡಿದವನು ಎಚ್ಚರವಾಗಿರುವ ಅಮಲುದಾರ, ಅಷ್ಟೆ. ಜೊತೆಗೆ ನಾಲ್ಕು ಪಿಂಟ್‌ಗಳಲ್ಲಿ ಸುಮಾರು 700 ಕ್ಯಾಲೊರಿ ಸೇರಿರುತ್ತದೆ. ಇದು ಒಂದು ಹೊತ್ತಿನ ಭರ್ತಿ ಊಟಕ್ಕೆ ಸಮ. ಹೊಟ್ಟೆಯ ಸುತ್ತ ಟೈರಿನಂತೆ ಕೂರುವುದು ಇದೇ.

ಹೆಂಗಸರ ದೇಹದಲ್ಲಿ ನೀರಿನ ಅಂಶ ಕಡಿಮೆ. ವಯಸ್ಸಾದವರಲ್ಲೂ ಅದು ಕಡಿಮೆಯಾಗುತ್ತಾ ಹೋಗುತ್ತದೆ. ಹಾಗಾಗಿ ಮೂವತ್ತರ ಗಂಡಸಿಗೆ ‘ಏನೂ ಆಗದ’ ಅದೇ ಗ್ಲಾಸು ಎಪ್ಪತ್ತರ ಅಜ್ಜನಲ್ಲಿ ರಕ್ತದ ಆಲ್ಕೋಹಾಲ್ ಮಟ್ಟವನ್ನು ಹೆಚ್ಚು ಏರಿಸುತ್ತದೆ. ಅಜ್ಜ ಬಿ.ಪಿ. ಮಾತ್ರೆಯನ್ನೋ ನಿದ್ರೆ ಮಾತ್ರೆಯನ್ನೋ ತೆಗೆದುಕೊಳ್ಳುತ್ತಿದ್ದರೆ ತಲೆಸುತ್ತಿ ಬೀಳುವ, ಸೊಂಟದ ಮೂಳೆ ಮುರಿದುಕೊಳ್ಳುವ ಅಪಾಯ ಬೇರೆ. ಅಳಿಯ ಕಂಡ ಅಜ್ಜ ನಗುತ್ತಾ ಹೊರಟದ್ದು ನಿಜ. ಅವರ ಜೊತೆಗೆ ಕುಳಿತುಕೊಳ್ಳುತ್ತಿದ್ದು, ಈಗ ಆಸ್ಪತ್ರೆಯಲ್ಲಿರುವ ಅಥವಾ ತೀರಿಕೊಂಡಿರುವ ಇನ್ನೊಬ್ಬ ಅಜ್ಜ ಅಳಿಯನ ಕಣ್ಣಿಗೆ ಬೀಳುವುದು ಹೇಗೆ?

‘ಹೃದಯಕ್ಕೆ ಒಳ್ಳೆಯದು’ ಎಂಬ ಮಾತಿನ ಕಥೆ

‘ಆದರೆ ಸ್ವಲ್ಪ ಕುಡಿದರೆ ಹೃದಯಕ್ಕೆ ಒಳ್ಳೆಯದೆಂದು ಡಾಕ್ಟರುಗಳೇ ಹೇಳುತ್ತಾರಲ್ಲ?’ ಎಂದು ಓದುಗರು ಕೇಳಬಹುದು. ಈ ಮಾತಿಗೆ ಒಂದು ಇತಿಹಾಸವಿದೆ. ಕೊಬ್ಬಿನ ಊಟ ಮಾಡುವ ಫ್ರೆಂಚರಲ್ಲಿ ಹೃದ್ರೋಗ ಕಡಿಮೆ, ಅದಕ್ಕೆ ಕೆಂಪು ವೈನ್ ಕಾರಣವಿರಬಹುದು ಎಂದು 1991ರಲ್ಲಿ ಅಮೆರಿಕದ ಜನಪ್ರಿಯ ಟಿ.ವಿ. ಕಾರ್ಯಕ್ರಮವೊಂದು ಸಾರಿತು. ಅಂದಿನಿಂದ ಇದು ಲೋಕದ ಬಾಯಿಮಾತಾಯಿತು. ಕೆಲವು ಸಮೀಕ್ಷೆಗಳಲ್ಲೂ ಏನೂ ಕುಡಿಯದವರಿಗಿಂತ ಸ್ವಲ್ಪ ಕುಡಿಯುವವರೇ ಹೆಚ್ಚು ಆರೋಗ್ಯವಂತರೆಂದು ಕಂಡುಬಂದಿತ್ತು.

ಆಮೇಲೆ ತಜ್ಞರು ಆ ಲೆಕ್ಕದೊಳಗೆ ಇಣುಕಿ ನೋಡಿದರು. ‘ಕುಡಿಯದವರು’ ಎಂಬ ಪಟ್ಟಿಯಲ್ಲಿ ಹುಟ್ಟಿನಿಂದ ಮುಟ್ಟದವರಷ್ಟೇ ಇರಲಿಲ್ಲ. ಕುಡಿದು ಕುಡಿದು ಕಾಯಿಲೆ ಬಂದು, ವೈದ್ಯರು ಗದರಿಸಿದ ಮೇಲೆ ಬಿಟ್ಟವರೂ ಅದರಲ್ಲಿ ಸೇರಿಕೊಂಡಿದ್ದರು. ರೋಗಿಗಳು ಸೇರಿದ ಪಟ್ಟಿ ರೋಗಿಷ್ಠವಾಗಿ ಕಾಣದೆ ಇರುತ್ತದೆಯೇ? ಇನ್ನೊಂದು ಕಡೆ, ಮಿತವಾಗಿ ಕುಡಿಯುವವರಲ್ಲಿ ಹೆಚ್ಚಿನವರು ಅನುಕೂಲಸ್ಥರು. ಒಳ್ಳೆಯ ಊಟ, ವಾಯುವಿಹಾರ, ಸ್ನೇಹಿತರ ಬಳಗ, ಕಾಲಕಾಲಕ್ಕೆ ವೈದ್ಯರ ತಪಾಸಣೆ ಎಲ್ಲವೂ ಅವರಿಗುಂಟು. ಇವೆಲ್ಲದರ ಪುಣ್ಯ ವೈನಿನ ಖಾತೆಗೆ ಜಮೆಯಾಗಿತ್ತು.

2019ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾದ ಚೀನಾದ ಅಧ್ಯಯನ ಈ ಗೋಜಲನ್ನು ಬಿಡಿಸಿತು. ಅಲ್ಲಿ 5 ಲಕ್ಷಕ್ಕೂ ಹೆಚ್ಚು ಜನರನ್ನು ವರ್ಷಗಟ್ಟಲೆ ಗಮನಿಸಲಾಗಿತ್ತು. ಪೂರ್ವ ಏಷ್ಯಾದ ಅನೇಕರಲ್ಲಿ ಹುಟ್ಟಿನಿಂದಲೇ ಒಂದು ಗುಣವಿರುತ್ತದೆ. ಮದ್ಯ ಸೋಕಿದರೆ ಮುಖ ಕೆಂಪೇರಿ ಸಂಕಟವಾಗುತ್ತದೆ, ಆದ್ದರಿಂದ ಅವರು ಕಡಿಮೆ ಕುಡಿಯುತ್ತಾರೆ. ಈ ಗುಣ ಹಣ, ವಿದ್ಯೆ, ಅಭ್ಯಾಸಗಳನ್ನು ನೋಡಿ ಬರುವಂಥದಲ್ಲ. ಅದರ ಆಧಾರದ ಮೇಲೆ ಜನರನ್ನು ಹೋಲಿಸಿದಾಗ ಮಿತ ಮದ್ಯದಿಂದ ಪಾರ್ಶ್ವವಾಯುವಿನ ವಿರುದ್ಧ ಯಾವ ರಕ್ಷಣೆಯೂ ಕಾಣಲಿಲ್ಲ. ಕುಡಿತ ಏರಿದಂತೆ ರಕ್ತದೊತ್ತಡವೂ ಪಾರ್ಶ್ವವಾಯುವಿನ ಅಪಾಯವೂ ಏರುತ್ತಲೇ ಹೋದವು.

ಕ್ಯಾನ್ಸರಿನ ವಿಷಯದಲ್ಲಂತೂ ಸಂಶಯ ಬಹಳ ಹಿಂದೆಯೇ ತೀರಿದೆ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1988ರಲ್ಲೇ ಮದ್ಯವನ್ನು ತಂಬಾಕಿನ ಸಾಲಿಗೆ, ಅಂದರೆ ಕ್ಯಾನ್ಸರ್ ತರುವುದು ಖಚಿತವಾದ ವಸ್ತುಗಳ ಸಾಲಿಗೆ ಸೇರಿಸಿತು. ಬಾಯಿ, ಗಂಟಲು, ಅನ್ನನಾಳ, ಯಕೃತ್ತು, ದೊಡ್ಡ ಕರುಳು, ಹೆಂಗಸರ ಸ್ತನ, ಇವೆಲ್ಲ ಆ ಪಟ್ಟಿಯಲ್ಲಿವೆ. ಆರೋಗ್ಯಕ್ಕೆ ಪೂರ್ತಿ ಸುರಕ್ಷಿತವೆನ್ನಬಹುದಾದ ಮದ್ಯದ ಪ್ರಮಾಣವೇ ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಸ್ಪಷ್ಟವಾಗಿ ಹೇಳಿತು. ಇದರರ್ಥ ಒಂದು ಗ್ಲಾಸ್ ಕುಡಿದವರೆಲ್ಲ ಸಾಯುತ್ತಾರೆಂದಲ್ಲ. ಕಡಿಮೆ ಕುಡಿದರೆ ಕಡಿಮೆ ಅಪಾಯ, ಹೆಚ್ಚಿಗೆ ಹೆಚ್ಚು ಅಪಾಯ. ಔಷಧಿ ಎಂಬ ಹೆಸರು ಮಾತ್ರ ಅದಕ್ಕೆ ಸಲ್ಲುವುದಿಲ್ಲ.

ಹಾಗಾದರೆ ಪಬ್ಬಿನಲ್ಲಿ ಸಿಗುವುದೇನು?

ಇಲ್ಲಿಗೆ ಲೇಖನ ಮುಗಿಸಿದರೆ ಅದು ಅರ್ಧ ಸತ್ಯವಾಗುತ್ತದೆ. ಏಕೆಂದರೆ ಆ ಅಜ್ಜನಿಗೆ ಪಬ್ಬಿನಿಂದ ನಿಜವಾಗಿ ಒಂದು ಲಾಭವಿದೆ. ಹೆಂಡತಿ ತೀರಿಕೊಂಡು, ಮಕ್ಕಳು ದೂರದ ಊರುಗಳಲ್ಲಿದ್ದು, ಇಡೀ ದಿನ ಯಾರ ದನಿಯನ್ನೂ ಕೇಳದ ಮುದುಕರು ಆ ದೇಶದಲ್ಲಿ ಎಷ್ಟೋ ಜನ. ಅವರಿಗೆ ಮಧ್ಯಾಹ್ನ ಮೂರು ಗಂಟೆಗೆ ಹೆಸರು ಹಿಡಿದು ಮಾತಾಡಿಸುವ ಒಂದು ಜಾಗವೆಂದರೆ ಅದೇ ದೊಡ್ಡ ಔಷಧ. ಒಂದು ವಾರ ಬರದಿದ್ದರೆ ‘ಯಾಕೆ ಕಾಣಲಿಲ್ಲ?’ ಎಂದು ಕೇಳುವವರಿರುತ್ತಾರೆ.

ಒಂಟಿತನವನ್ನು ಕಾಯಿಲೆಗೆ ಕಾರಣವೆಂದು ವೈದ್ಯಲೋಕ ಈಗ ಗಂಭೀರವಾಗಿ ಪರಿಗಣಿಸಿದೆ. ಬ್ರಿಟನ್ 2018ರಲ್ಲಿ ಒಂಟಿತನದ ಸಮಸ್ಯೆಯನ್ನು ಒಬ್ಬ ಸಚಿವರಿಗೆ ವಹಿಸಿತು. ಲೋಕದಲ್ಲಿ ಆರರಲ್ಲಿ ಒಬ್ಬರನ್ನು ಒಂಟಿತನ ಕಾಡುತ್ತಿದೆ, ವರ್ಷಕ್ಕೆ ಸುಮಾರು 8.7 ಲಕ್ಷ ಸಾವುಗಳಿಗೆ ಅದರ ನಂಟಿದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಆಯೋಗ 2025ರಲ್ಲಿ ವರದಿ ಮಾಡಿತು. ಹೃದ್ರೋಗ, ಪಾರ್ಶ್ವವಾಯು, ಖಿನ್ನತೆ, ಮರೆವಿನ ರೋಗ ಇವುಗಳೊಂದಿಗೆಲ್ಲ ಒಂಟಿತನಕ್ಕೆ ಸಂಬಂಧವಿದೆ.

ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಪ್ರೊಫೆಸರ್ ರಾಬಿನ್ ಡನ್‌ಬಾರ್ 2016ರಲ್ಲಿ ಪಬ್‌ಗಳ ಬಗ್ಗೆಯೇ ಒಂದು ಅಧ್ಯಯನ ಪ್ರಕಟಿಸಿದರು. ತಮ್ಮದೇ ಎನ್ನುವ ಒಂದು ಚಿಕ್ಕ ಪಬ್ ಇರುವವರಿಗೆ ಆಪ್ತ ಸ್ನೇಹಿತರು ಹೆಚ್ಚು, ಬದುಕಿನ ಬಗ್ಗೆ ತೃಪ್ತಿಯೂ ಹೆಚ್ಚು ಎಂದು ಅದರಲ್ಲಿ ಕಂಡಿತು. ಈ ಅಧ್ಯಯನ ಮಾಡಿಸಿದ್ದು ಬಿಯರ್ ಪ್ರಿಯರ ಸಂಘವೆಂಬುದನ್ನು ಮರೆಯಬಾರದು. ಆದರೂ ಫಲಿತಾಂಶವನ್ನು ಗಮನಿಸಿ ನೋಡಿದರೆ ಅದು ಹೊಗಳುವುದು ಬಿಯರನ್ನಲ್ಲ. ಚಿಕ್ಕ ಜಾಗ, ಪರಿಚಿತ ಮುಖ, ಎದುರುಬದುರು ಕೂತು ಆಡುವ ಮಾತು, ಇವುಗಳನ್ನು.

ಅಂದರೆ ಒಂದೇ ಮಧ್ಯಾಹ್ನದ ಪಟ್ಟಿಯಲ್ಲಿ ಜಮೆಯೂ ಇದೆ, ಖರ್ಚೂ ಇದೆ. ಜಮೆಯೆಲ್ಲ ಬೆಂಚಿನಿಂದ ಬಂದದ್ದು. ಖರ್ಚೆಲ್ಲ ಗ್ಲಾಸಿನಿಂದ ಆದದ್ದು. ನಾವು ಎರಡನ್ನೂ ಒಟ್ಟಿಗೆ ಕಟ್ಟಿ ‘ಪಬ್ ಒಳ್ಳೆಯದು’ ಅಥವಾ ‘ಪಬ್ ಕೆಟ್ಟದ್ದು’ ಎಂದುಬಿಡುತ್ತೇವೆ. ಅಳಿಯನ ತಪ್ಪೂ ಅದೇ, ಮಾವನ ತಪ್ಪೂ ಅದೇ.

ಇದಕ್ಕೆ ಇನ್ನೊಂದು ಸಾಕ್ಷಿ ಇದೆ. ಕೋವಿಡ್ ಕಾಲದಲ್ಲಿ ಬ್ರಿಟನ್ನಿನ ಪಬ್‌ಗಳು ಮುಚ್ಚಿದ್ದವು. ಆದರೆ ಕುಡಿತದಿಂದ ನೇರವಾಗಿ ಆಗುವ ಸಾವುಗಳು ಕಡಿಮೆಯಾಗಲಿಲ್ಲ. 2019ರಲ್ಲಿ 7,565 ಇದ್ದದ್ದು 2023ರಲ್ಲಿ 10,473ಕ್ಕೆ ಏರಿತು. ಜನ ಸೂಪರ್ ಮಾರ್ಕೆಟ್ಟಿನಿಂದ ಬಾಟಲಿ ತಂದು ಮನೆಯಲ್ಲೇ ಕುಡಿದರು. ಮನೆಯಲ್ಲಿ ಅಳತೆಯ ಗ್ಲಾಸಿಲ್ಲ, ಬಾಗಿಲು ಮುಚ್ಚುವ ಹೊತ್ತಿಲ್ಲ, ‘ಇವತ್ತಿಗೆ ಸಾಕು’ ಎನ್ನುವ ನೆರೆಯವರಿಲ್ಲ. ಗ್ಲಾಸು ಉಳಿದು ಬೆಂಚು ಹೋಯಿತು. ಪರಿಣಾಮ ಕಣ್ಣ ಮುಂದಿದೆ.

ಗ್ಲಾಸಿಲ್ಲದ ಬೆಂಚು

ಹಾಗಾದರೆ ಬೆಂಚು ಉಳಿಸಿಕೊಂಡು ಗ್ಲಾಸನ್ನು ಬಿಡಲು ಬರುತ್ತದೆಯೇ? ಆಲ್ಟ್ರಿಂಗಮ್ ಮಾರುಕಟ್ಟೆಯ ಆ ಉದ್ದನೆಯ ಮೇಜುಗಳೇ ಇದಕ್ಕೆ ಉತ್ತರ. ಅಲ್ಲಿ ಬಿಯರ್ ಕುಡಿಯುವವನ ಪಕ್ಕದಲ್ಲಿ ಮಗುವಿಗೆ ತಿಂಡಿ ತಿನ್ನಿಸುವ ತಾಯಿ, ಎದುರಿಗೆ ಕಾಫಿ ಹೀರುವ ಅಜ್ಜಿ. ಊರು ಎದ್ದು ನಿಂತದ್ದು ಜನರಿಗೆ ಒಟ್ಟಿಗೆ ಕೂರಲು ಜಾಗ ಸಿಕ್ಕಿದ್ದರಿಂದ. ಪುಟ್ಟ ಬಾರ್‌ಗಳು ಆ ಜನಸಂದಣಿಯನ್ನು ನೋಡಿ ಬಂದವು. ಪಬ್‌ಗಳಲ್ಲೂ ಈಗ ಆಲ್ಕೋಹಾಲ್ ತೆಗೆದ ಬಿಯರ್, ನಿಂಬೆ ಸೋಡಾ, ಹಣ್ಣಿನ ರಸ ಸಿಗುತ್ತದೆ. ಅವನ್ನು ಕೇಳಿದರೆ ಯಾರೂ ಹುಬ್ಬೇರಿಸುವುದಿಲ್ಲ. ಆದರೆ ಒಂದು ಎಚ್ಚರಿಕೆ. ಇಂಥ ಕೆಲವು ಬಿಯರ್‌ಗಳಲ್ಲಿ ಶೇಕಡಾ 0.5ರಷ್ಟು ಆಲ್ಕೋಹಾಲ್ ಇರಬಹುದು. ಕುಡಿತದ ಚಟದಿಂದ ಹೊರಬಂದವರಿಗೆ ಅದರ ವಾಸನೆ, ರುಚಿಗಳೇ ಹಳೆಯ ಆಸೆ ಕೆರಳಿಸಬಹುದು. ಅವರು ಅದನ್ನೂ ಮುಟ್ಟದಿರುವುದು ಕ್ಷೇಮ.

ಆ ದೇಶದಲ್ಲಿರುವ ನಮ್ಮ ಮಕ್ಕಳಿಗೆ ಹೇಳಬೇಕಾದದ್ದು ಇಷ್ಟು. ಸಹೋದ್ಯೋಗಿಗಳು ಕರೆದರೆ ಹೋಗಿ. ಪರದೇಶದಲ್ಲಿ ಒಂಟಿಯಾಗಿ ಕೋಣೆಯಲ್ಲಿ ಕೂರುವುದಕ್ಕಿಂತ ಅದು ಒಳ್ಳೆಯದು. ರೌಂಡಿಗೆ ಸೇರುವ ಮೊದಲೇ ‘ನನ್ನದನ್ನು ನಾನೇ ಕೊಳ್ಳುತ್ತೇನೆ’ ಎಂದುಬಿಡಿ, ಅಥವಾ ನಿಮ್ಮ ಸರದಿಯನ್ನು ಮೊದಲು ತೀರಿಸಿ ನಿಮಗೆ ಸೋಡಾ ತರಿಸಿಕೊಳ್ಳಿ. ಕುಡಿಯುವವರೇ ಆದರೆ ಪಿಂಟ್ ಬಿಟ್ಟು ಅರ್ಧ ಅಥವಾ ಮೂರನೆಯ ಒಂದು ಪಾಲಿನ ಗ್ಲಾಸು ಕೇಳಿ, ಪಂಪಿನ ಮೇಲಿನ ಶೇಕಡಾವಾರು ನೋಡಿ, ನಡುನಡುವೆ ನೀರು ಕುಡಿಯಿರಿ, ಹೊಟ್ಟೆಗೆ ಏನಾದರೂ ತಿಂದಿರಿ. ಕಾರಿನಲ್ಲಿ ಹೋದರೆ ಮುಟ್ಟಲೇಬೇಡಿ. ಇಂಗ್ಲೆಂಡಿನಲ್ಲಿ 1967ರಲ್ಲಿ ಗೊತ್ತುಮಾಡಿದ ಮಿತಿ 100 ಮಿ.ಲೀ. ರಕ್ತದಲ್ಲಿ 80 ಮಿಲಿಗ್ರಾಂ. ಸ್ಕಾಟ್ಲೆಂಡ್ 2014ರಲ್ಲಿ ಅದನ್ನು 50ಕ್ಕೆ ಇಳಿಸಿತು. ನಮ್ಮ ದೇಶದಲ್ಲಿ ಅದು 30.

ನಮ್ಮ ಊರಿನ ಲೆಕ್ಕ

ಅಳಿಯನ ವಾದವನ್ನು ನಮ್ಮ ಊರಿಗೆ ತಂದಾಗ ಇನ್ನೊಂದು ಅಪಾಯ ಸೇರಿಕೊಳ್ಳುತ್ತದೆ. ಬೆಂಗಳೂರಿನಲ್ಲಿ 1980ರ ದಶಕದಿಂದ ಪಬ್‌ಗಳಿವೆ, 2010ರಿಂದ ಅಲ್ಲೇ ಬಿಯರ್ ತಯಾರಿಸಿ ಮಾರುವ ಕಡೆಗಳೂ ಬಂದಿವೆ. ಆದರೆ ನಮ್ಮ ದೇಶದಲ್ಲಿ ಬಹುಪಾಲು ಜನ ಕುಡಿಯುವುದು ಶೇಕಡಾ 4ರ ಬಿಯರನ್ನಲ್ಲ. ಕೇಂದ್ರ ಸರ್ಕಾರ 2019ರಲ್ಲಿ ಪ್ರಕಟಿಸಿದ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಸುಮಾರು 16 ಕೋಟಿ ಜನ ಮದ್ಯ ಸೇವಿಸುತ್ತಾರೆ. ಅವರಲ್ಲಿ ಹೆಚ್ಚಿನವರ ಪಾಲಿಗೆ ಬರುವುದು ನಾಡಮದ್ಯ ಮತ್ತು ವಿಸ್ಕಿ, ರಮ್, ಬ್ರಾಂದಿಯಂಥ ಕಡಕ್ ಮದ್ಯ.

ಅದೇ ಯೂನಿಟ್ ಲೆಕ್ಕ ಇಲ್ಲಿ ಹಾಕಿ ನೋಡಿ. ಶೇಕಡಾ 42.8ರ ವಿಸ್ಕಿಯ 60 ಮಿ.ಲೀ. ‘ಲಾರ್ಜ್’ ಒಂದರಲ್ಲಿ ಸುಮಾರು 2.6 ಯೂನಿಟ್, ಅಂದರೆ ಅಲ್ಲಿನ ಒಂದು ಪಿಂಟ್‌ಗಿಂತ ಹೆಚ್ಚು. 180 ಮಿ.ಲೀ. ‘ಕ್ವಾರ್ಟರ್’ ಒಂದರಲ್ಲಿ 7.7 ಯೂನಿಟ್. ಶೇಕಡಾ 8ರ ‘ಸ್ಟ್ರಾಂಗ್’ ಬಿಯರಿನ 650 ಮಿ.ಲೀ. ಬಾಟಲಿಯಲ್ಲಿ 5.2 ಯೂನಿಟ್. ಇಂಗ್ಲೆಂಡಿನ ಅಜ್ಜ ಎರಡು ಗಂಟೆ ಹಿಡಿದು ಕೂರುವ ಗ್ಲಾಸಿನ ಮೂರು ಪಾಲನ್ನು ನಮ್ಮಲ್ಲಿ ಬರಿ ಹೊಟ್ಟೆಯಲ್ಲಿ, ಬಾರಿನ ಕೌಂಟರಿನ ಮುಂದೆ ನಿಂತು, ಹತ್ತು ನಿಮಿಷದಲ್ಲಿ ಇಳಿಸುವವರಿದ್ದಾರೆ. ‘ದಿನಾ ಒಂದೇ ಕ್ವಾರ್ಟರ್ ಡಾಕ್ಟ್ರೇ, ಜಾಸ್ತಿ ಇಲ್ಲ’ ಎನ್ನುವವರ ವಾರದ ಮೊತ್ತ 54 ಯೂನಿಟ್! ‘ಮಿತ’ ಎಂಬ ಪದ ಒಂದೇ. ಅದರೊಳಗಿನ ಆಲ್ಕೋಹಾಲ್ ಬೇರೆ.

ಇದಕ್ಕಿಂತ ಮುಖ್ಯವಾದ ಮಾತೊಂದಿದೆ. ಅಲ್ಲಿಂದ ನಾವು ಗ್ಲಾಸನ್ನು ತಂದೆವು, ಬೆಂಚನ್ನು ತರಲಿಲ್ಲ. ನಮ್ಮ ತಾಲ್ಲೂಕು ಕೇಂದ್ರಗಳ ಸಂತೆಬೀದಿಯಲ್ಲಿ ಸಂಜೆ ಆರರ ಮೇಲೆ ಕಾಸು ಕೊಡದೆ ಕೂರಲು ಎಷ್ಟು ಜಾಗಗಳಿವೆ ಎಣಿಸಿ ನೋಡಿ. ಅರಳಿಕಟ್ಟೆಯ ಸುತ್ತ ವಾಹನಗಳು ನಿಂತಿವೆ. ಹೋಟೆಲುಗಳಲ್ಲಿ ಬೈ-ಟು ಕಾಫಿ ಹೇಳಿ ಗಂಟೆಗಟ್ಟಲೆ ಹರಟುವ ಕಾಲ ಹೋಗಿ, ನಿಂತು ತಿಂದು ಹೊರಡುವ ದರ್ಶಿನಿಗಳು ಬಂದಿವೆ. ದುಡಿದು ದಣಿದ ಗಂಡಸಿಗೆ ನಾಲ್ಕು ಜನರ ನಡುವೆ ಕೂರಬೇಕೆನಿಸಿದರೆ ಬೆಳಕು ಹಾಕಿಕೊಂಡು ತೆರೆದಿರುವುದು ಬಾರ್ ಒಂದೇ. ಹೆಂಗಸರಿಗಂತೂ ಅದೂ ಇಲ್ಲ. ದೇವಸ್ಥಾನದ ಜಗುಲಿ ಬಿಟ್ಟರೆ ಅವರಿಗೆ ಊರಿನಲ್ಲಿ ಒಂದು ಆಸನವಿಲ್ಲ.

ಕುಡಿತದ ವಿರುದ್ಧ ಭಾಷಣಗಳು ನಮ್ಮಲ್ಲಿ ಬೇಕಾದಷ್ಟಾಗಿವೆ. 2007ರಲ್ಲಿ ರಾಜ್ಯ ಸರ್ಕಾರ ಸಾರಾಯಿಯನ್ನು ನಿಷೇಧಿಸಿದ್ದೂ ಆಯಿತು. ನಿಷೇಧದ ಬಗ್ಗೆ ಯಾರ ಅಭಿಪ್ರಾಯ ಏನೇ ಇರಲಿ, ಕುಡಿಯುವವನು ಹುಡುಕಿಕೊಂಡು ಹೋದದ್ದರಲ್ಲಿ ಅರ್ಧ ಭಾಗವಾದರೂ ಜೊತೆ. ಅದನ್ನು ಬೇರೆ ಕಡೆ ಒದಗಿಸದೆ ಗ್ಲಾಸನ್ನು ಮಾತ್ರ ಕಿತ್ತುಕೊಂಡರೆ ಕೈ ಇನ್ನೊಂದು ಗ್ಲಾಸಿನ ಕಡೆ ಹೋಗುತ್ತದೆ. ಆದ್ದರಿಂದ ನೆರಳು, ದೀಪ, ಕುಡಿಯುವ ನೀರು, ಶೌಚಾಲಯವಿರುವ ನಾಲ್ಕು ಬೆಂಚಿನ ಕಟ್ಟೆಯನ್ನು ಪುರಸಭೆಯಿಂದ ಕೇಳುವುದು ಆರೋಗ್ಯದ ಬೇಡಿಕೆಯೇ. ಗ್ರಂಥಾಲಯವನ್ನು ರಾತ್ರಿ ಒಂಬತ್ತರ ತನಕ ತೆರೆದಿಡಿ ಎನ್ನುವುದೂ ಆರೋಗ್ಯದ ಬೇಡಿಕೆಯೇ.

ಕೊನೆಗೆ ಕೆಲವು ಖಚಿತ ಮಾತುಗಳು. ಇದುವರೆಗೆ ಕುಡಿಯದವರು ಆರೋಗ್ಯದ ಹೆಸರಿನಲ್ಲಿ ಆರಂಭಿಸಬೇಡಿ. ಗರ್ಭಿಣಿಯರು, ಯಕೃತ್ತಿನ ಕಾಯಿಲೆ ಇರುವವರು, ಅಪಸ್ಮಾರಕ್ಕೆ, ನಿದ್ರೆಗೆ ಅಥವಾ ಮನೋರೋಗಕ್ಕೆ ಮಾತ್ರೆ ತೆಗೆದುಕೊಳ್ಳುವವರು ಒಂದು ಗುಟುಕೂ ಮುಟ್ಟಬಾರದು. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುವವರಲ್ಲಿ ಮದ್ಯದಿಂದ ಸಕ್ಕರೆ ಅಂಶ ಏಕಾಏಕಿ ಕುಸಿಯಬಹುದು. ನೋಡುವವರು ಅದನ್ನು ಅಮಲೆಂದೇ ತಿಳಿದು ಸುಮ್ಮನಿದ್ದುಬಿಡುತ್ತಾರೆ. ದಿನವೂ ಹೆಚ್ಚು ಕುಡಿಯುವವರನ್ನು ಮನೆಯವರು ಕೋಣೆಯಲ್ಲಿ ಕೂಡಿಹಾಕಿ ಒಮ್ಮೆಲೇ ಬಿಡಿಸಲು ಹೋಗಬೇಡಿ. ಕೈನಡುಕ, ಭ್ರಮೆ, ಫಿಟ್ಸ್ ಬಂದು ಪ್ರಾಣಕ್ಕೇ ಅಪಾಯವಾಗಬಹುದು. ವೈದ್ಯರ ನೆರವಿನಿಂದ ಬಿಡಿಸಬೇಕು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕಾಗಿಯೇ ಪ್ರತ್ಯೇಕ ವಿಭಾಗವಿದೆ. 14416 ಸಂಖ್ಯೆಯ ಟೆಲಿ-ಮಾನಸ್ ಸಹಾಯವಾಣಿಗೆ ಫೋನ್ ಮಾಡಿದರೆ ಕನ್ನಡದಲ್ಲೇ ಸಲಹೆ ಸಿಗುತ್ತದೆ.

ಮನೆಯಲ್ಲಿ ನಿವೃತ್ತರಾದ ತಂದೆಯೋ, ಒಂಟಿಯಾದ ಅತ್ತೆಯೋ ಇದ್ದರೆ ಅವರ ಮಾತ್ರೆ ಡಬ್ಬಿ ನೋಡುವ ಜೊತೆಗೆ ಇನ್ನೊಂದು ಪ್ರಶ್ನೆಯನ್ನೂ ಕೇಳಿ: ‘ಈ ವಾರ ಯಾರ ಜೊತೆ ಕೂತು ಮಾತಾಡಿದಿರಿ?’ ಅದಕ್ಕೆ ಉತ್ತರವಿಲ್ಲದಿದ್ದರೆ ಮೊದಲು ಹುಡುಕಿಕೊಡಬೇಕಾದ ಔಷಧ ಅದು.